ಬೆಟ್ಟಕ್ಕೆ ಹೆಪ್ಪು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ
ಫ್ರೀಸ್‌ಲ್ಯಾಂಡಿನಲ್ಲಿ ಹುಟ್ಟುವಂತೆಯೇ ಇರಲಿಲ್ಲ.
ದೂರವೇನೋ ಅಲ್ಲಿ ಬೇಕಾದಷ್ಟಿದೆ,
ಬೆಟ್ಟವೊಂದಿಲ್ಲ.
ಕಡಲಿನಿಂದ ಕಿತ್ತುಕೊಂಡ ನೆಲ
ಮಡಿಕೆಯಿಲ್ಲದ ಕಾಗದದ ಹಾಗೆ ಬಿದ್ದಿದೆ;
ಅದರ ಮೇಲೆ ಹಸು, ಕಾಲುವೆ, ಮತ್ತೆ ಹಸು.

ಇಂಥಲ್ಲಿ, ಕಾಲು ಕಳೆದುಕೊಂಡವರಿಗೆ
ಮತ್ತೆ ನಡೆಯಲು ಕಲಿಸುವ ಮನೆಯೊಂದಿದೆ.
ಮಟ್ಟಸ ನೆಲದಲ್ಲಿ ಎಲ್ಲರೂ ಪಾಸು.
ಆಮೇಲೆ ಯಾವುದೋ ದಿಬ್ಬ, ಯಾವುದೋ ಹೊಸ್ತಿಲು,
ರಜೆಗೆ ಹೋದ ಊರಿನ ಕಲ್ಲಿನ ಓಣಿ,
ಮುಗ್ಗರಿಸಿ ವಾಪಸು ಬರುತ್ತಾರೆ.

ಅದಕ್ಕೇ ವೀಟ್ಸ್ಕೆಗೆ ಹೇಳಿದರು:
ಒಳಂಗಳದಲ್ಲಿ ಒಂದು ಬೆಟ್ಟ ಕಟ್ಟಿಕೊಡು.
ಸಿಮೆಂಟು ಬೇಡ, ಬಿದ್ದರೆ ಮೂಳೆ ಮುರಿಯಬಾರದು.
ಪ್ಲಾಸ್ಟಿಕ್ಕೂ ಬೇಡ, ಎಂದಳು ಅವಳೇ.
ನಿಜದ ಬೆಟ್ಟ ನೋಡಲು ಬೆಲ್ಜಿಯಮ್ಮಿನವರೆಗೆ ಹೋಗಿ
ಬರಿಗಾಲಲ್ಲಿ ಹತ್ತಿ, ಪಾದ ಎಲ್ಲೆಲ್ಲಿ ಅನುಮಾನಿಸಿತೋ
ಅಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದು ಬಂದಳು.

ಮೊದಲನೆಯದು ಕಡಲಪಾಚಿಯ ಅಂಟು, ಕುರಿಯ ಉಣ್ಣೆ.
ಮೂರನೆಯ ದಿನ ನಾರಿತು. ನಾಲ್ಕನೆಯ ದಿನ
ಕಡಲಹಕ್ಕಿಗಳು ಗಾಜಿನ ಚಾವಣಿಯ ಮೇಲೆ ಕೂತು
ಒಳಗೆ ಇಣುಕಿದವು,
ಎಲೆ ಹಾಕುವುದನ್ನೇ ಕಾಯುವ ನೆಂಟರ ಹಾಗೆ.
ಎರಡನೆಯದು ಕಪ್ಪೆಚಿಪ್ಪಿನ ಸುಣ್ಣ, ದಂಡೆಯ ಜೇಡಿ.
ಚೆಲುವೆಂದರೆ ಚೆಲುವು. ಹಿಮ್ಮಡಿ ಸೋಕಿದಲ್ಲೆಲ್ಲ
ಹಪ್ಪಳ ಮುರಿದ ಸದ್ದು.

ಮೂರನೆಯದಕ್ಕೆ, ಜೊಂಡು ಕೊಯ್ಯುವ ಡೌವೆ
ಎರಡು ದೋಣಿ ಹೊಟ್ಟು ತಂದು ಸುರಿದ.
ಅದಕ್ಕೆ ಅಣಬೆಯ ಬಿಳಿ ನೂಲು ಕಲಸಿ
ಅಚ್ಚಿಗೆ ತುಂಬಿ ಕತ್ತಲಲ್ಲಿ ಮುಚ್ಚಿಟ್ಟಳು.
ಹೆಪ್ಪು ಹಾಕಿದ ಪಾತ್ರೆ ಅಲುಗಿಸಬೇಡ ಅನ್ನುತ್ತೇವಲ್ಲ,
ಹಾಗೆ, ಹದಿಮೂರು ದಿನ
ಆ ಕೋಣೆಯ ಮುಂದೆ ಎಲ್ಲರೂ ಮೆಲ್ಲಗೆ ನಡೆದರು.
ನೂಲು ಹೊಟ್ಟನ್ನು ತಿನ್ನುತ್ತ ತಿನ್ನುತ್ತಲೇ ಹೊಲಿಯಿತು.
ಹೊರತೆಗೆದರೆ ಇಟ್ಟಿಗೆ:
ಮುಟ್ಟಿದರೆ ಕರುವಿನ ಮೂತಿ,
ಎತ್ತಿದರೆ ಬ್ರೆಡ್ಡಿನಷ್ಟು ಹಗುರ.

ಆಮೇಲೆ ಒಲೆ. ಎಂಬತ್ತು ಡಿಗ್ರಿ, ಒಂದು ಹಗಲು.
ಬೇಯಿಸದಿದ್ದರೆ ಅದು ಬೆಳೆಯುತ್ತಲೇ ಇರುತ್ತದೆ,
ನಕ್ಷೆಗೆ ತನ್ನ ಬೆಟ್ಟದ ಗುರುತು ಸಿಗದ ಹಾಗೆ.
‘ಸಾಯಿಸಿಯೇ ನಿಲ್ಲಿಸಬೇಕೇನು?’ ಎಂದ ಡೌವೆ.
ವೀಟ್ಸ್ಕೆ ಗಡಿಯಾರ ನೋಡಿದಳು.

ಆರುನೂರ ನಲವತ್ತು ಇಟ್ಟಿಗೆ.
ಏರು, ಜಾರು, ಬೇಕೆಂದೇ ಇಟ್ಟ ಎರಡು ಎಡವು.
ಮೊದಲು ಹತ್ತಿದವನು ಸರಕುದೋಣಿಯ ರೈಂಡರ್.
ಮೂರೂವರೆ ಮೀಟರ್ ತುದಿಯಲ್ಲಿ ನಿಂತು,
ಕಾರು ನಿಲ್ಲಿಸುವ ಜಾಗವನ್ನು ಬಹಳ ಹೊತ್ತು ನೋಡಿ,
‘ನನ್ನ ಕಾರು ತೊಳೆಯಬೇಕು’ ಅಂದ.

ಒಂದು ಇಟ್ಟಿಗೆ ಮಾತ್ರ, ಭಾನುವಾರದ್ದು,
ಒಲೆ ಕಾಣದೆ ಬೆಟ್ಟ ಸೇರಿತ್ತು. ಯಾರ ತಪ್ಪೋ.

ಅಕ್ಟೋಬರಿನಲ್ಲಿ, ಅಂಚೆಯ ಹಿಲ್ಕ್ಯೆ,
ಇಪ್ಪತ್ತು ವರ್ಷ ಸೈಕಲ್ಲಿನಲ್ಲಿ ಕಾಗದ ಹಂಚಿದವಳು,
ಎಡ ಮೊಣಕಾಲಿನ ಕೆಳಗೆ ಈಗ ಇಂಗಾಲದ ನಾರು,
ಕಂಬಿ ಹಿಡಿದು ಏರುತ್ತಿದ್ದಾಗ
ನೆಲ ಒಂದು ಬೆರಳಷ್ಟು ಕುಸಿಯಿತು.
ಬಗ್ಗಿ ನೋಡಿದರೆ ಸಂದಿನಿಂದ ಅಣಬೆ,
ಬೂದು ಕೊಡೆ, ಒಂದರ ಹೆಗಲ ಮೇಲೊಂದು.

ತಪಾಸಣೆಯವನು ಕೆಂಪು ಚೀಟಿ ಅಂಟಿಸಿದ:
ಅಸ್ಥಿರ ಭಾಗ. ತೆಗೆಯತಕ್ಕದ್ದು.
ವೀಟ್ಸ್ಕೆ ಉಳಿ ಹುಡುಕಲು ಹೋದಳು.

ಬರುವಷ್ಟರಲ್ಲಿ ಹಿಲ್ಕ್ಯೆ
ಅಡುಗೆಮನೆಯ ಚಾಕು ತಂದಿದ್ದಾಳೆ.
ಒಂದು ಕೈಯಲ್ಲಿ ಕೊಡೆ ಹಿಡಿದು
ಇನ್ನೊಂದರಲ್ಲಿ ಬುಡ ಕೊಯ್ಯುತ್ತಿದ್ದಾಳೆ,
ಕುಸಿದ ಜಾಗದಲ್ಲೇ ಬಾಗಿ ನಿಂತು,
ಕಂಬಿಯಿಂದ ಎರಡು ಮಾರು ಆಚೆ.
ಅವಳಿಗದು ಗೊತ್ತಿಲ್ಲ.
‘ಬೆಣ್ಣೆ ಇದೆಯಾ?’ ಎಂದಳು, ತಲೆ ಎತ್ತದೆ.

ಉಳಿಯನ್ನು ಬೆನ್ನ ಹಿಂದೆ ಹಿಡಿದು
ಇದೆ ಎಂದಳು ವೀಟ್ಸ್ಕೆ.

ಚೀಟಿ ಇನ್ನೂ ಅಲ್ಲೇ ಇದೆ.
ತೇವಕ್ಕೆ ಒಂದು ಮೂಲೆ ಎದ್ದಿದೆ,
ಅದರಡಿಯಲ್ಲಿ ಬಿಳಿ ನೂಲು.